ಪುಂಡಿಸೊಪ್ಪು ಹಿಡಿಸಿದ್ದು

ಮಲೆನಾಡಿನವಳಾದ ನನಗೆ ಸೊಪ್ಪೆಂದರೆ ಬಸಳೆ, ಹರಿವೆ. ಎಲೆಯೇ ಹುಳಿಯಾಗಿರುವ ಪುಂಡಿಸೊಪ್ಪನ್ನು ಕಂಡದ್ದು ಕೆಲಸಕ್ಕೆಂದು ಚಳ್ಳಕೆರೆಗೆ ಬಂದ ಮೇಲೆ. ಬಾಡಿಗೆ ಮನೆಯ ಓನರ್ ಅಜ್ಜಿ ಕೊಟ್ಟ ಸಾರು ಮೊದಲ ಸಲ ಬಾಯಿಗಿಟ್ಟಾಗ ಹಲ್ಲು ಚುಳ್ಳೆಂದಿತು. “ಬರೇ ಸಾರು ನೆಕ್ಕಿದ್ರೆ ಹಂಗೇ ಕಣವ್ವ, ಮುದ್ದೆ ಜೊತೆ ನುಂಗು” ಎಂದರು. ರಾಗಿಯ ಸಪ್ಪೆ, ಶೇಂಗಾ ಎಣ್ಣೆಯಲ್ಲಿ ಕಂದಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಖಾರ ಜೊತೆಗೂಡಿದಾಗ ಆ ಹುಳಿ ಹಿಡಿಸತೊಡಗಿತು.

ಪುಂಡಿ ದಾಸವಾಳದ ಬಳಗದ ಗಿಡ, ಮೂಲ ಆಫ್ರಿಕಾ. ಎಳೆಯದಿದ್ದಾಗ ಸೊಪ್ಪು ಸಾರಿಗೆ; ಬಲಿತ ಮೇಲೆ ಕಾಂಡವನ್ನು ನೀರಲ್ಲಿ ಕೊಳೆಹಾಕಿ ಸುಲಿದ ನಾರು ಹಗ್ಗಕ್ಕೆ. ಸಾರಿಗೆ ಹುಣಸೆಹಣ್ಣಿನ ಖರ್ಚೂ ಉಳಿಯುತ್ತದೆ. ಮುಂದೆ ಮೊಳಕಾಲ್ಮೂರಿಗೆ ವರ್ಗವಾಯಿತು. ಆಂಧ್ರದ ರಾಯದುರ್ಗ ಅಲ್ಲಿಗೆ ಹತ್ತಿರ. ಸಂತೆಯಲ್ಲಿ ಕನ್ನಡದವರು ಪುಂಡಿ ಎಂದು ಕೇಳಿದ ಕಟ್ಟನ್ನೇ ತೆಲುಗು ಮಾತಿನವರು ಗೋಂಗೂರ ಎಂದು ಕೇಳುತ್ತಿದ್ದರು.

ಈ ಸೀಮೆಯ ಶೇಂಗಾ ಮಳೆಯನ್ನೇ ನಂಬಿದ ಬೆಳೆ. ಒಂದು ವರ್ಷ ಮಳೆ ಕೈಕೊಟ್ಟು ಅಜ್ಜಿಯ ಹೊಲದಲ್ಲಿ ಕಾಯಿ ಕಟ್ಟಲಿಲ್ಲ. ಬೀಜ, ಗೊಬ್ಬರದ ಸಾಲ ಮಾತ್ರ ಉಳಿಯಿತು. ಮಾತಾಡಿಸಿ ಬರಲು ಹೋದವಳನ್ನು ಹೊಲಕ್ಕೆ ಕರೆದೊಯ್ದು, ಬದುವಿನ ಮೇಲಿದ್ದ ಪುಂಡಿಯ ಕುಡಿ ಮುರಿದು ನನ್ನ ಚೀಲಕ್ಕೆ ತುಂಬಿದರು. ಬೇಡವೆಂದೆ. “ಇದರ ಮೇಲೆ ಯಾರ ಸಾಲಾನೂ ಇಲ್ಲ, ತಗೊಂಡೋಗವ್ವ” ಎಂದರು.

ಪುಂಡಿಯನ್ನು ಬಡವರ ಸೊಪ್ಪು ಎನ್ನುವವರಿದ್ದಾರೆ. ನಾನೂ ಹೌದೆನ್ನುತ್ತೇನೆ. ಬೆಳೆ ಹೋದ ವರ್ಷವೂ ಬಂದವರ ಕೈಗೆ ಕೊಡಲು ಅವರಲ್ಲಿ ಉಳಿದಿದ್ದದ್ದು ಅದೇ.