ಕೃಷ್ಣನಿಗೆ 11ನೇ ನಂಬರ್ ಯಾಕೆ

70ರ ದಶಕದ ಅಮರ ಚಿತ್ರಕಥೆ ಹುಡುಕುವವರಿಗೆ ಇದು ಗೊತ್ತಿರಬೇಕು. ಆ ಸರಣಿಯ 'ಕೃಷ್ಣ' 1 ಅಲ್ಲ, 11ನೇ ಪುಸ್ತಕ. ಮೊದಲ ಹತ್ತು ಬಂದದ್ದು ಕನ್ನಡದಲ್ಲಿ! 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯ ಜಿ.ಕೆ. ಅನಂತರಾಮ್ ಪಾಶ್ಚಾತ್ಯ ಕಿನ್ನರಿ ಕಥೆಗಳನ್ನು ಕನ್ನಡದಲ್ಲಿ ತಂದರು. ಸರಣಿಯ ಸಂಪಾದಕ ಅನಂತ ಪೈ ಅವರ ಪುರಾಣಕಥೆಗಳು ಆಮೇಲಿನವು. ಕನ್ನಡಕ್ಕೆ ಸಂದ ಈ ಗೌರವವನ್ನು ನಾವು ಇನ್ನೂ ಜೋರಾಗಿ ಹೇಳಿಕೊಳ್ಳಬೇಕು.

ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ ಈ ಹಳೆಯ ಪುಸ್ತಕಗಳ ಹೊಸದರಂತಿರುವ ಪ್ರತಿ ಸಿಗುವುದು ಅಪರೂಪ. ಅಗ್ಗದ ಕಾಗದದಲ್ಲಿರುವ ಲಿಗ್ನಿನ್ ಎಂಬ ಮರದ ಅಂಶ ಬೆಳಕು, ಗಾಳಿ ತಾಗಿದರೆ ಹಳದಿಯಾಗುತ್ತದೆ. ನಮ್ಮ 40 ಡಿಗ್ರಿ ದಾಟುವ ಬೇಸಿಗೆ ಕಾಗದವನ್ನು ಇನ್ನೂ ಬೇಗ ಮುರುಕಲು ಮಾಡುತ್ತದೆ. ಮಳೆಗಾಲಕ್ಕೆ ಪಿನ್ನು ತುಕ್ಕು ಹಿಡಿದು ನಡುಹಾಳೆ ಕಳಚುತ್ತದೆ. ಅದಕ್ಕೇ ಸಂಗ್ರಾಹಕರು ಮೊದಲು ನೋಡುವುದು ಬೆನ್ನು, ಪಿನ್ನು, ಮೂಲೆ. ರಕ್ಷಾಪುಟದ ಮೇಲೆ ಹುಡುಗನ ಹೆಸರು, ತರಗತಿ ಬರೆದಿದ್ದರೆ ದರ್ಜೆ ಇಳಿಯುತ್ತದೆ. ನನಗಂತೂ ಅಂಥ ಪ್ರತಿಯೆಂದರೇ ಹೆಚ್ಚು ಪ್ರೀತಿ, ಈ ಊರಲ್ಲಿ ಅದನ್ನು ಯಾರೋ ಓದಿದ್ದಾರೆ ಅಂತ.

ಸುರಪುರವಂತೂ ನಾಯಕರ ಕಾಲದಿಂದ ಕಿರುಚಿತ್ರಕಲೆಗೆ ಹೆಸರಾದ ಊರು. ಕಾಗದದ ಮೇಲಿನ ಬಣ್ಣವನ್ನು ಜೋಪಾನ ಮಾಡುವುದು ಇಲ್ಲಿ ಹೊಸದೇನಲ್ಲ.

ಅಟ್ಟದ ಟ್ರಂಕಿನಲ್ಲಿ ಹಳೆಯ ಚಿತ್ರಕಥೆ ಇದ್ದರೆ ರದ್ದಿಗೆ ಹಾಕಬೇಡಿ. ಸೆಲೋಟೇಪ್ ಬೇಡ, ಲ್ಯಾಮಿನೇಷನ್ ಬೇಡವೇ ಬೇಡ. ಪಾಲಿಯೆಸ್ಟರ್ ಕವರು, ಹಿಂದೆ ಆಮ್ಲರಹಿತ ರಟ್ಟು, ಬಿಸಿಲು ಬೀಳದ ಕಪಾಟು ಸಾಕು. 1965ರ ಆ ಹತ್ತರಲ್ಲಿ ಒಂದಾದರೂ ಸಿಕ್ಕರೆ ಮುಖಪುಟದ ಫೋಟೋ ಇಲ್ಲೇ ಹಾಕಿ, ದಯವಿಟ್ಟು.