ಬಚ್ಚಲ ಒಲೆಯೂ ಮನೆಯ ಬೆಲೆಯೂ

ಯಲಹಂಕದ ಉಪನಗರದಲ್ಲಿ 1996ರಲ್ಲಿ ನಾವು ಕಟ್ಟಿಸಿದ ಮನೆಯನ್ನು ಮಾರಿ, ಮಗನ ಮನೆಯ ಹತ್ತಿರ ಹೋಗಿ ನೆಲಸುವುದೆಂದು ಈ ವರ್ಷದ ಮಾಘಮಾಸದಲ್ಲಿ ನಿಶ್ಚಯವಾಯಿತು. ಮಾರುವ ಮಾತು ಬಾಯಿಂದ ಹೊರಟೊಡನೆ ಬುದ್ಧಿ ಹೇಳುವವರು ನಾಲ್ಕು ದಿಕ್ಕಿನಿಂದಲೂ ಬಂದರು. ಗೋಡೆಗೆ ಬಣ್ಣ ಹೊಡೆಸಿರೆಂದವರು ಕೆಲವರು. ಅಂಗಳದ ನುಗ್ಗೆಮರವನ್ನು ಕಡಿಸಿರೆಂದವರು ಕೆಲವರು. ದಲ್ಲಾಳಿಯ ಸಲಹೆ ಮಾತ್ರ ಬೇರೆಯಾಗಿದ್ದಿತು. “ಮೇಷ್ಟ್ರೇ, ತಾರಸಿಯ ಮೇಲಿರುವ ಆ ಹಳೇ ಸೋಲಾರ್ ತೆಗೆಸಿ ಹೊಸದು ಹಾಕಿಸಿಬಿಡಿ. ಬಚ್ಚಲಿಗೆ ಒಂದು ಫೈವ್ ಸ್ಟಾರ್ ಗೀಸರ್ ಇರಲಿ. ಈಗ ಬರೋರೆಲ್ಲ ಕರೆಂಟಿನ ಲೆಕ್ಕ ಕೇಳ್ತಾರೆ. ಹಾಕಿದ ದುಡ್ಡು ಎರಡರಷ್ಟಾಗಿ ಬರುತ್ತೆ” ಎಂದನು.

ಅದೇ ವಾರದಲ್ಲಿ ಇಂಗ್ಲೆಂಡಿನಲ್ಲಿರುವ ಮಗಳೂ ದೂರವಾಣಿಯಲ್ಲಿ ಇದೇ ಮಾತನ್ನು ಆಡಿದಳು. ಆಕೆ ಹಿಂದೆ ಅಲ್ಲಿ ಒಂದು ಮನೆಯನ್ನು ಮಾರಿದವಳು. ಆ ದೇಶದಲ್ಲಿ 2007ರಿಂದ ಹಂತಹಂತವಾಗಿ ಜಾರಿಗೆ ಬಂದ ನಿಯಮದಂತೆ, ಮಾರತಕ್ಕ ಮನೆಗೆ ಶಕ್ತಿಯ ಯೋಗ್ಯತಾಪತ್ರವೊಂದು ಇರಲೇಬೇಕು. ಪರೀಕ್ಷಕನು ಬಂದು ಗೋಡೆ, ಕಿಟಕಿ, ಮಾಡಿನ ಕೆಳಗಣ ಹೊದಿಕೆ, ಮನೆ ಕಾಯಿಸುವ ಯಂತ್ರ ಇವುಗಳನ್ನೆಲ್ಲ ನೋಡಿ, ನೂರಕ್ಕೆ ಇಷ್ಟು ಅಂಕವೆಂದು ಗುಣಿಸಿ, ‘ಎ’ ಮೊದಲ್ಗೊಂಡು ‘ಜಿ’ವರೆಗಿನ ಏಳು ಅಕ್ಷರಗಳಲ್ಲಿ ಒಂದನ್ನು ಮನೆಗೆ ದಯಪಾಲಿಸುವನು. ಪತ್ರವು ಹತ್ತು ವರ್ಷ ಸಲ್ಲುವುದು. ಜೀವಮಾನವೆಲ್ಲ ಹುಡುಗರಿಗೆ ಅಂಕ ಹಾಕಿದ ನನಗೆ, ಮನೆಗಳಿಗೂ ಪರೀಕ್ಷೆಯುಂಟೆಂದು ಕೇಳಿ ಸ್ವಲ್ಪ ಸಂತೋಷವೇ ಆಯಿತು. ಮಗಳು ಹಳೆಯ ಅನಿಲದ ಬಾಯ್ಲರನ್ನು ತೆಗೆಸಿ, ಹೊಗೆಯೊಡನೆ ಹೋಗುವ ಉಷ್ಣವನ್ನೂ ಹಿಂದಕ್ಕೆ ಪಡೆಯುವ ಹೊಸ ಮಾದರಿಯದನ್ನು ಹಾಕಿಸಿದ ಮೇಲೆ ಅವಳ ಮನೆ ‘ಇ’ ಇಂದ ‘ಡಿ’ಗೆ ತೇರ್ಗಡೆಯಾಯಿತಂತೆ. ಅಲ್ಲಿ ಕೊಠಡಿಗಳನ್ನು ಬೆಚ್ಚಗಿಡುವುದಕ್ಕೇ ಇಂಧನದ ದೊಡ್ಡ ಪಾಲು ವೆಚ್ಚವಾಗುವುದರಿಂದ ಹೀಗಾಗುವುದು ಸಹಜ. ಆದರೆ ಅಂಕವನ್ನು ಇಂಧನದ ಬೆಲೆಯ ಮೇಲೆ ಗುಣಿಸುವರಾದ್ದರಿಂದ, ಮನೆಯಲ್ಲಿ ಹೊಗೆಯನ್ನೇ ಕಾರದ ವಿದ್ಯುತ್ತಿನ ಕಾವಲಿ ಅನಿಲಕ್ಕಿಂತ ಹಿಂದೆ ಬೀಳುವುದೂ ಉಂಟಂತೆ. ಪರೀಕ್ಷೆಗಳ ಹಣೆಬರಹವೇ ಇಷ್ಟು.

ನಮ್ಮಲ್ಲಿ ಸಂಗತಿ ಏನೆಂದು ವಿಚಾರಿಸಿದೆನು. ಮನೆಯನ್ನು ಮಾರಲು ಉಪನೋಂದಣಾಧಿಕಾರಿಗಳ ಕಚೇರಿಗೆ ಹೋದರೆ ಈ-ಖಾತೆಯನ್ನು ಕೇಳುವರು, ಋಣಭಾರದ ಪತ್ರವನ್ನು ಕೇಳುವರು, ಕಂದಾಯದ ರಸೀದಿಯನ್ನು ಕೇಳುವರು. ಸ್ನಾನದ ನೀರು ಹೇಗೆ ಕಾಯುವುದೆಂದು ಕೇಳುವವರಿಲ್ಲ. 2002ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ಇಂಧನ ದಕ್ಷತೆಯ ಸಂಸ್ಥೆಯು ಮನೆಗಳಿಗೂ ನಕ್ಷತ್ರ ಕೊಡುವ ಏರ್ಪಾಡನ್ನು ಮಾಡಿದೆಯಾದರೂ, ನಮ್ಮಂಥವರ ಹಳೆಯ ಮನೆಯ ಕ್ರಯಕ್ಕೆ ಅದು ಅಡ್ಡ ಬರುವುದಿಲ್ಲ. ಅದೇ ಸಂಸ್ಥೆಯವರು 2018ರಲ್ಲಿ ವಾಸದ ಮನೆಗಳಿಗಾಗಿ ‘ಇಕೋ ನಿವಾಸ ಸಂಹಿತಾ’ ಎಂಬ ನಿಯಮಾವಳಿಯನ್ನು ಹೊರತಂದರು. ಹೆಸರನ್ನು ಕೇಳಿ ನಾನು ನಕ್ಕೆನು. ‘ಇಕೋ’ ಎಂಬುದರ ಮೂಲ ಮನೆಯೆಂಬರ್ಥದ ಗ್ರೀಕ್ ಶಬ್ದ, ‘ನಿವಾಸ’ವೂ ಮನೆಯೇ. ನಮ್ಮ ಪಾಠಶಾಲೆಯ ಗುರುಗಳಾಗಿದ್ದರೆ ಪುನರುಕ್ತಿದೋಷವೆಂದು ಕಿವಿ ಹಿಂಡುತ್ತಿದ್ದರು. ಅದು ಹೇಗಾದರೂ ಇರಲಿ, ಆ ಸಂಹಿತೆಯ ಮೊದಲ ಭಾಗಕ್ಕೆ ಬಚ್ಚಲ ಗೊಡವೆ ಇಲ್ಲ. ಗೋಡೆ ಕಿಟಕಿಗಳ ಮೂಲಕ ಒಳಬರುವ ಉಷ್ಣವು ಚದರ ಮೀಟರಿಗೆ 15 ವಾಟನ್ನು ಮೀರಬಾರದೆಂಬುದು ಅದರ ಮುಖ್ಯ ವಿಧಿ. ಇಂಗ್ಲೆಂಡಿನವರಿಗೆ ಉಷ್ಣ ಹೊರಗೆ ಹೋದೀತೆಂಬ ಚಿಂತೆ, ನಮ್ಮವರಿಗೆ ಒಳಗೆ ಬಂದೀತೆಂಬ ಚಿಂತೆ.

ಇನ್ನು ಐದು ನಕ್ಷತ್ರದ ಗೀಸರಿನ ಮಾತು. ಆ ನಕ್ಷತ್ರಗಳು ನೀರನ್ನು ಬೇಗ ಕಾಯಿಸುವುದಕ್ಕೆ ಕೊಟ್ಟ ಬಹುಮಾನವೆಂದು ನಾನು ತಿಳಿದಿದ್ದೆನು, ಹಾಗಲ್ಲ. ಕಾದ ನೀರನ್ನು ಒಂದು ಹಗಲು ಒಂದು ರಾತ್ರಿ ಹಾಗೆಯೇ ಇಟ್ಟರೆ ಎಷ್ಟು ಉಷ್ಣ ಸೋರಿಹೋಗುವುದೆಂಬುದನ್ನು ಅಳೆದು ಅವನ್ನು ಕೊಡುವರು. ಮೀಯುವ ಮೊದಲು ಗುಂಡಿಯೊತ್ತಿ, ಮಿಂದೊಡನೆ ಆರಿಸುವ ನಮ್ಮಂಥವರಿಗೆ ಮೂರಕ್ಕೂ ಐದಕ್ಕೂ ಅಂತರ ಅತ್ಯಲ್ಪ. ನೂರು ಲೀಟರು ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಬೇಕಾದರೆ ಯಾವ ನಕ್ಷತ್ರದ ಗೀಸರಾದರೂ ಸುಮಾರು ಮೂರು ಯೂನಿಟ್ ವಿದ್ಯುತ್ತನ್ನು ತಿಂದೇ ತೀರುವುದು. ಅದು ಪ್ರಕೃತಿಯ ಲೆಕ್ಕ, ಅಂಗಡಿಯವನು ತಿದ್ದಲಾರನು.

ಆ ಮೂರು ಯೂನಿಟ್ಟನ್ನು ಪುಕ್ಕಟೆಯಾಗಿ ಕೊಡುವವನು ಸೂರ್ಯನೊಬ್ಬನೇ. ಬೆಂಗಳೂರಿನ ತಾರಸಿಗಳಲ್ಲಿ ಸೌರ ಜಲತಾಪಕಗಳು ಇಷ್ಟು ಕಾಣುವುದಕ್ಕೆ, ಹೊಸ ಮನೆಗಳಲ್ಲಿ ಅವು ಇರತಕ್ಕದ್ದೆಂದು 2007ರಲ್ಲಿ ರಾಜ್ಯ ಸರ್ಕಾರ ಮಾಡಿದ ಆಜ್ಞೆ ಒಂದು ಕಾರಣ. ನಮ್ಮದು ಅದಕ್ಕೂ ಹಿಂದಿನ ಮನೆಯಾದರೂ 2009ರಲ್ಲಿ ನಾವೂ ಒಂದನ್ನು ಹಾಕಿಸಿದೆವು. ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದಂತೆ ಬಿಲ್ಲಿನಲ್ಲಿ ವಿನಾಯಿತಿಯೂ ದೊರೆಯುತ್ತಿದ್ದಿತು. ಅಲ್ಲಿಗೆ ಹಿತ್ತಲ ಬಚ್ಚಲಿನ ಒಲೆ ಆರಿತು. ಕರಟ, ತೆಂಗಿನ ಸೋಗೆಗಳನ್ನು ಕೂಡಿಡುವ ಕೆಲಸ ತಪ್ಪಿತು. ನನ್ನ ತಾಯಿಯವರ ಕಾಲದ ತಾಮ್ರದ ಹಂಡೆಗೆ ನೀರು ತುಂಬುವ ಹಬ್ಬದ ದಿನ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯುವುದು ಮಾತ್ರ ಉಳಿಯಿತು. 2023ರಲ್ಲಿ ಗೃಹಜ್ಯೋತಿ ಬಂದಾಗ, ಹಿಂದಿನ ವರ್ಷದ ಸರಾಸರಿಯ ಮೇಲೆ ಶೇಕಡ 10 ಸೇರಿಸಿ, 200 ಯೂನಿಟ್ ಮೀರದಂತೆ ಉಚಿತದ ಮಿತಿಯನ್ನು ಗೊತ್ತುಮಾಡಿದರು. ಬಿಸಿಲಿನಲ್ಲಿ ಮಿಂದು ಮಿತವಾಗಿ ಬಾಳಿದವರಿಗೆ ಮಿತಿಯೂ ಚಿಕ್ಕದಾಯಿತು. ಹಗಲಿರುಳು ಗೀಸರ್ ಉರಿಸಿದವರಿಗೆ ದೊಡ್ಡದಾಯಿತು. ದೂರುತ್ತಿಲ್ಲ, ಆದರೆ ಎರಡು ಮನೆಯ ಬಿಲ್ಲಿನಲ್ಲಿಯೂ ಸೊನ್ನೆಯೇ ಇರುವಾಗ, ಕೊಳ್ಳುವವನು ಮಿತವ್ಯಯದ ಮನೆಯನ್ನು ಗುರುತಿಸುವ ಬಗೆ ಹೇಗೆ?

ಹೀಗಿದ್ದರೂ ದಲ್ಲಾಳಿಯ ಒತ್ತಾಯಕ್ಕೆ ಸೋತು, ಸೌರಯಂತ್ರದ ಕೆಲಸಗಾರನನ್ನು ಕರೆಸಿದೆನು. ಅವನು ತಾರಸಿಯ ಮೇಲೆ ನಿಂತು, ಕೊಳವೆಗಳಲ್ಲಿ ಕೊಳವೆಬಾವಿಯ ಗಡಸು ನೀರು ಕಟ್ಟಿಸಿದ ಸುಣ್ಣವನ್ನೂ ನೋಡಲಿಲ್ಲ, ಟ್ಯಾಂಕನ್ನೂ ನೋಡಲಿಲ್ಲ, ದಕ್ಷಿಣಕ್ಕೆ ಕತ್ತೆತ್ತಿದನು. ಅಲ್ಲಿ 2024ರಲ್ಲಿ ಎದ್ದ ನಾಲ್ಕಂತಸ್ತಿನ ಕಟ್ಟಡವಿದೆ. “ಸ್ವಾಮಿ, ಹೊಸದು ಹಾಕಿದರೂ ಚಳಿಗಾಲದಲ್ಲಿ ನೆರಳೇ ಅಲ್ಲವೇ?” ಎಂದನು.

ನಿಜ, ನನಗೆ ಅದು ಗೊತ್ತಿದ್ದಿತು. ನಮ್ಮ ಊರು 13ನೆಯ ಉತ್ತರ ಅಕ್ಷಾಂಶದ ಮೇಲಿರುವುದರಿಂದ, ದಕ್ಷಿಣಾಯನದ ತುದಿಯಲ್ಲಿ ನಡುಹಗಲಿನ ಸೂರ್ಯನೂ ಕ್ಷಿತಿಜದಿಂದ 53 ಡಿಗ್ರಿಯಷ್ಟು ಮಾತ್ರ ಏರುವನು. ದೀಪಾವಳಿಯಿಂದ ರಥಸಪ್ತಮಿಯವರೆಗೆ ನಮ್ಮ ಸೌರಫಲಕಕ್ಕೆ ನಡುಹಗಲಿನ ಬಿಸಿಲು ಬೀಳುವುದೇ ಇಲ್ಲ. ಬಿಸಿನೀರು ಬೇಕಾದ ತಿಂಗಳುಗಳು ಅವೇ. ಎರಡು ಚಳಿಗಾಲ ನಾವು ಟ್ಯಾಂಕಿನೊಳಗಿನ ವಿದ್ಯುತ್ತಿನ ಸುರುಳಿಯಿಂದಲೇ ಮಿಂದಿದ್ದೇವೆ.

ಆದರೆ ಮನೆ ನೋಡಲು ಜನ ಬಂದದ್ದು ಏಪ್ರಿಲ್ ತಿಂಗಳ ಕೊನೆಯ ವಾರ. ಆಗ ನಮ್ಮ ಊರಿನಲ್ಲಿ ಸೂರ್ಯನು ನೆತ್ತಿಯ ಮೇಲೆಯೇ ಬರುವನು. ನೆಟ್ಟ ಕೋಲಿಗೂ ನಡುಹಗಲಿನಲ್ಲಿ ನೆರಳಿಲ್ಲ. ಹಳೆಯ ಯಂತ್ರವೇ ಕೈ ಸುಡುವ ನೀರನ್ನು ಕೊಡುತ್ತಿದ್ದಿತು. ಕೊಳ್ಳಲು ಬಂದ ಗೃಹಸ್ಥರು ಇಂಜಿನಿಯರು. ನಲ್ಲಿಯನ್ನು ತಿರುಗಿಸಿ ನೋಡಿ ಬಹಳ ಮೆಚ್ಚಿದರು. ದಲ್ಲಾಳಿ ನನ್ನತ್ತ ಕಣ್ಣು ಮಿಟುಕಿಸಿದನು. ನಾನು ಸುಮ್ಮನಿದ್ದೆನು.

ಆ ರಾತ್ರಿ ನಿದ್ರೆ ಬರಲಿಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ, ಕಲಬೆರಕೆಯಾದುದನ್ನೂ, ಸತ್ತ್ವವಿಲ್ಲದುದನ್ನೂ, ಮರೆಮಾಚಿದುದನ್ನೂ ಮಾರಲಾಗದೆಂಬ ಅಭಿಪ್ರಾಯವಿದೆ. ಕೊಂಡವನು ಪಶ್ಚಾತ್ತಾಪಪಟ್ಟರೆ ಹತ್ತು ದಿನದೊಳಗೆ ಹಿಂದಿರುಗಿಸಬಹುದೆಂದೂ ಇದೆ. ನೆರಳು ಬೀಳುವುದು ಆರು ತಿಂಗಳ ಮೇಲೆ! ಅಲ್ಲದೆ, ನೆರಳು ಮನೆಯ ದೋಷವೋ ನೆರೆಯ ದೋಷವೋ ಎಂದು ತರ್ಕವನ್ನು ಹೂಡಿದೆನು. ಪಕ್ಕದಲ್ಲಿ ಎಚ್ಚರವಾಗಿಯೇ ಇದ್ದ ನನ್ನ ಪತ್ನಿ, “ನರಕ ಚತುರ್ದಶಿಯ ದಿನ ಆ ಹುಡುಗಿ ಮಗುವಿಗೆ ಎಣ್ಣೆಯೊತ್ತಿ ಕೂರಿಸಿಕೊಂಡು ನಲ್ಲಿ ತಿರುಗಿಸುತ್ತಾಳೆ. ತಣ್ಣೀರು ಬಂದರೆ ಮನುವನ್ನು ಬೈಯುತ್ತಾಳೆಯೇ, ನಮ್ಮನ್ನು ಬೈಯುತ್ತಾಳೆಯೇ?” ಎಂದಳು.

ಬೆಳಗ್ಗೆ ದೂರವಾಣಿಯಲ್ಲಿ ಎಲ್ಲವನ್ನೂ ಹೇಳಿದೆನು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು, ಗಾಳಿಯ ಉಷ್ಣವನ್ನು ಸೆಳೆದು ನೀರಿಗೆ ಕೊಡುವ ಹೀಟ್ ಪಂಪ್ ಎಂಬುದನ್ನು ಹಾಕಿಸುವುದಾಗಿಯೂ, ಅದು ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಕಾವನ್ನು ಕೊಡುವುದೆಂದೂ, ಅದರ ಬಾಬ್ತು ಬೆಲೆಯಲ್ಲಿ ಒಂದು ಲಕ್ಷ ಇಳಿಸಬೇಕೆಂದೂ ಕೇಳಿದರು. ಎಪ್ಪತ್ತೈದು ಸಾವಿರಕ್ಕೆ ಒಪ್ಪಿದೆವು. ದಲ್ಲಾಳಿ ನನ್ನೊಡನೆ ಮಾತಾಡುವುದನ್ನು ಕಡಮೆ ಮಾಡಿದ್ದಾನೆ.

ಮುಂಗಡ ಕೊಡಲು ಬಂದ ದಿನ ಆ ಗೃಹಸ್ಥರ ತಾಯಿಯೂ ಬಂದಿದ್ದರು. ತಾರಸಿಯನ್ನು ಅವರು ನೋಡಲೇ ಇಲ್ಲ. ಹಿತ್ತಲ ಬಚ್ಚಲಿಗೆ ಹೋಗಿ, ಒಲೆಯ ಬಾಯಲ್ಲಿ ಬಗ್ಗಿ ನೋಡಿ, “ಅಮ್ಮಾ, ಈ ಹಂಡೆಯೂ ಮನೆಯೊಂದಿಗೆ ಸೇರಿದ್ದೇ?” ಎಂದು ಕೇಳಿದರು. ನನ್ನ ಪತ್ನಿ ಉತ್ತರ ಕೊಡದೆ ಕಾಫಿ ತರಲು ಒಳಗೆ ಹೋದಳು. ನೋಂದಣಿಗೆ ಇನ್ನು ಹತ್ತು ದಿನ ಉಳಿದಿದೆ. ಹಂಡೆಯ ವಿಷಯ ಇತ್ಯರ್ಥವಾಗಿಲ್ಲ.