ಅಕ್ಕಪಕ್ಕದವರಿಗೆ ಕೆಲಸವಿಲ್ಲದ ಸಾವು

ಗೋಥೆನ್‌ಬರ್ಗ್ ಪೇಟೆಯ ಸ್ಟೀನ್‌ಪೀರೆನ್ ಕಟ್ಟೆಯಿಂದ ಲಿಂಡ್‌ಹೋಲ್ಮೆನ್‌ಗೆ ಹೋಗುವ ದೋಣಿಗೆ ಟಿಕೆಟ್ ಇಲ್ಲ. ಸೈಕಲ್ ಹಿಡಿದವರು, ಮಗುವಿನ ಗಾಡಿ ತಳ್ಳುವವರು, ಕೊರಳಲ್ಲಿ ಗುರುತಿನ ಚೀಟಿ ನೇತುಬಿದ್ದ ಎಂಜಿನಿಯರುಗಳು ಎಲ್ಲರೂ ಹತ್ತುತ್ತಾರೆ. ಯೋತಾ ನದಿಯ ಆಚೆ ದಡದಲ್ಲಿ ಹಿಂದೆ ಹಡಗು ಕಟ್ಟುತ್ತಿದ್ದರು. 1970ರ ದಶಕದ ಬಿಕ್ಕಟ್ಟು ಆ ಉದ್ಯಮವನ್ನು ನುಂಗಿತು. ಈಗ ಅಲ್ಲಿ ಚಾಲ್ಮರ್ಸ್ ವಿಶ್ವವಿದ್ಯಾಲಯದ ಒಂದು ಆವರಣ, ಎರಿಕ್ಸನ್ ಕಚೇರಿ, 246 ಮೀಟರ್ ಎತ್ತರದ ಕಾರ್ಲಾ ಗೋಪುರ. ಕಾರ್ಮಿಕರು ಬಾಳಿದ ಮರದ ಮನೆಗಳು ಮಾತ್ರ ಗುಡ್ಡದ ಮೇಲೆ ಇನ್ನೂ ನಿಂತಿವೆ.

ಅಕ್ಕ, ಭಾವ ಮೊದಲು ಬಾಡಿಗೆಗಿದ್ದದ್ದು ಅಲ್ಲೇ. ಕೆಳಮನೆಯಲ್ಲಿ ಹಡಗಿಗೆ ವೆಲ್ಡಿಂಗ್ ಮಾಡಿ ನಿವೃತ್ತನಾದ ಒಬ್ಬ ಮುದುಕನಿದ್ದ. ಹಿಮದಲ್ಲಿ ಜಾರದಂತೆ ನಡೆಯುವುದನ್ನು ಅಕ್ಕನಿಗೆ ಕಲಿಸಿದವನು ಅವನೇ. ಇವರು ಮನೆ ಬದಲಿಸಿ ನದಿಯ ಈಚೆಗೆ ಬಂದ ಮೇಲೆ ಭೇಟಿ ಕಡಿಮೆಯಾಗಿತ್ತು. ಕಳೆದ ಸೆಪ್ಟೆಂಬರಿನಲ್ಲಿ ಆ ಕಡೆ ಹೋದಾಗ ಅಂಗಳದ ಬಾವುಟ ಅರ್ಧ ಕಂಬಕ್ಕೆ ಇಳಿದಿತ್ತು. ಕಟ್ಟಡದಲ್ಲಿ ಯಾರಾದರೂ ತೀರಿಕೊಂಡರೆ ಹಾಗೆ ಇಳಿಸುವುದು ಸ್ವೀಡನ್ನಿನ ರೂಢಿ. ಅಂತ್ಯಕ್ರಿಯೆ ಮುಗಿದ ಮೇಲೆ ಅದೇ ಬಾವುಟ ತುದಿಗೇರುತ್ತದೆ. ಕೊಡಗಿನಲ್ಲಿ ಜೋಡಿ ಗುಂಡು ಹಾರಿಸಿ ಊರಿಗೆ ಸಾವು ತಿಳಿಸುತ್ತಾರಲ್ಲ, ಇಲ್ಲಿ ಅದನ್ನೇ ಸದ್ದಿಲ್ಲದೆ ಹೇಳುತ್ತಾರೆ.

ಮುದುಕ ಹೋಗಿ ವಾರ ದಾಟಿತ್ತು. "ಹೆಣ ಇನ್ನೂ ಎತ್ತಿಲ್ವಾ?" ಎಂದು ಅಕ್ಕ ದಂಗಾದಳು. ತೀರ್ಥಹಳ್ಳಿಯಲ್ಲಿ ಬೆಳಿಗ್ಗೆ ಹೋದವರಿಗೆ ಸಂಜೆಯೊಳಗೆ ಬೆಂಕಿ. ಸ್ವೀಡನ್ನಿನ ಕಾನೂನು ಒಂದು ತಿಂಗಳು ಕೊಡುತ್ತದೆ. 2012ಕ್ಕೆ ಮುಂಚೆ ಎರಡು ತಿಂಗಳಿತ್ತು. ಖರ್ಚಿನ ಚಿಂತೆಯೂ ಅರ್ಧ ತೆರಿಗೆಯಲ್ಲೇ ತೀರಿರುತ್ತದೆ: ಸ್ಮಶಾನ, ದಹನದ ವೆಚ್ಚಕ್ಕೆಂದು ಜಾತಿ ಧರ್ಮ ನೋಡದೆ ದುಡಿಯುವವರೆಲ್ಲರ ವರಮಾನದಲ್ಲಿ ಒಂದು ಪಾಲು ಮುರಿದುಕೊಳ್ಳುತ್ತಾರೆ. ಭಾವನ ಸಂಬಳದಲ್ಲೂ.

"ರೀ, ಏನಾದ್ರೂ ಮಾಡ್ಕೊಂಡು ಹೋಗ್ಲಾ?"

"ಯಾರ ಮನೆಗೆ? ಮಗಳು ಇರೋದು ಬೇರೆ ಊರಲ್ಲಿ."

ಅಕ್ಕನ ಪೇಚಾಟ ಇದ್ದದ್ದೇ ಇಲ್ಲಿ. ನಮ್ಮ ಬೀದಿಯಲ್ಲಿ ಹೆಣ ಎತ್ತುವವರೆಗೆ ಅಕ್ಕಪಕ್ಕದವರಿಗೆ ಪುರುಸೊತ್ತಿಲ್ಲ. ಬಿದಿರು ತರಬೇಕು, ಚಟ್ಟ ಕಟ್ಟಬೇಕು, ನೆಂಟರಿಗೆ ಫೋನ್ ಮಾಡಬೇಕು, ಆಮೇಲೆ ಆ ಮನೆಗೆ ಊಟ ಕಳಿಸಬೇಕು. ದುಃಖ ಎಷ್ಟಿದೆಯೋ ದೇವರೇ ಬಲ್ಲ, ಕೈಗೆ ಕೆಲಸವಂತೂ ಇರುತ್ತದೆ. ಇಲ್ಲಿ ಆ ಕೆಲಸವನ್ನೆಲ್ಲ ಅಂತ್ಯಕ್ರಿಯೆಯ ಏಜೆನ್ಸಿ ಮಾಡಿ ಮುಗಿಸುತ್ತದೆ. ಉಳಿದವರು ಪತ್ರಿಕೆಯಲ್ಲಿ ಪ್ರಕಟಣೆ ಬರುವುದನ್ನು ಕಾಯಬೇಕು. ಚರ್ಚಿನ ನಂತರದ ಕಾಫಿಗೆ ಬರುವವರು ಇಂಥ ದಿನದೊಳಗೆ ಹೆಸರು ತಿಳಿಸಿ ಎಂದು ಅದರಲ್ಲೇ ಅಚ್ಚಾಗಿತ್ತು. ಸಾವಿನ ಮನೆಗೂ ಮುಂಗಡ ಬುಕಿಂಗ್ ಎಂದರೆ ನಮಗೆ ವಿಚಿತ್ರ. ಆದರೆ ಎಷ್ಟು ಜನಕ್ಕೆ ಬೇಯಿಸಬೇಕೆಂದು ತಿಳಿಯದೆ ಒದ್ದಾಡುವ ನಮ್ಮ ವೈಕುಂಠ ಸಮಾರಾಧನೆಗಳನ್ನು ನೆನೆದರೆ ನನಗೇನೂ ತಪ್ಪು ಕಾಣಲಿಲ್ಲ.

ಚರ್ಚಿನಲ್ಲಿ ಹತ್ತಿರದ ಗಂಡಸರು ಬಿಳಿ ಟೈ, ಉಳಿದವರು ಕಪ್ಪು ಟೈ. ಯಾರು ಸಂಬಂಧಿ, ಯಾರು ಪರಿಚಿತ ಎಂಬುದು ಕೊರಳಲ್ಲೇ ಗೊತ್ತಾಗುತ್ತದೆ. ಒಬ್ಬೊಬ್ಬರಾಗಿ ಹೋಗಿ ಪೆಟ್ಟಿಗೆಯ ಮೇಲೆ ಹೂವಿಟ್ಟರು. ಅಕ್ಕನ ಸರದಿ ಕೊನೆಗೆ ಬಂತಂತೆ.

ನಾನು ಹೋದದ್ದು ನವೆಂಬರ್ ಮೊದಲ ವಾರ, ಸಕಲ ಸಂತರ ದಿನಕ್ಕೆ. ಅಂದು ಸ್ವೀಡನ್ನಿನವರು ಗೋರಿಗಳಿಗೆ ದೀಪ ಹಚ್ಚುತ್ತಾರೆ, ನಮ್ಮ ಮಹಾಲಯದ ಹಾಗೆ ಸತ್ತವರೆಲ್ಲರಿಗೂ ಒಟ್ಟಾಗಿ. ಟ್ರಾಮ್ ಹಿಡಿದು ಕ್ವೀಬೆರಿ ಸ್ಮಶಾನಕ್ಕೆ ಹೋದೆವು. ಮುದುಕ ತನಗೆ ಗೋರಿ ಬೇಡ, ಮಿನ್ನೆಸ್‌ಲುಂಡ್ ಸಾಕು ಎಂದಿದ್ದನಂತೆ. ಅದು ಹೆಸರಿಲ್ಲದ ನೆನಪಿನ ತೋಪು. ಸಿಬ್ಬಂದಿಯೇ ಬೂದಿಯನ್ನು ಮಣ್ಣಿಗೆ ಸೇರಿಸುತ್ತಾರೆ, ಮನೆಯವರು ಎದುರಿಗಿರುವುದಿಲ್ಲ, ಜಾಗವನ್ನೂ ಹೇಳುವುದಿಲ್ಲ. ದೀಪ, ಹೂವು ಎಲ್ಲರದೂ ಒಂದೇ ಕಟ್ಟೆಯ ಮೇಲೆ.

ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟು ಬರುವ ನಮಗೆ ಇದು ಮೊದಲು ಕಠೋರ ಅನ್ನಿಸಿತು. ಆದರೆ ಬಿಳಿ ಟೈ, ಕಪ್ಪು ಟೈ ಎಂಬ ಭೇದ ಅಲ್ಲಿ ನಡೆಯುವುದಿಲ್ಲ. ಬೂದಿ ಎಲ್ಲಿದೆಯೆಂದು ಮಗಳಿಗೂ ಗೊತ್ತಿಲ್ಲ, ಮೇಲ್ಮನೆಯಲ್ಲಿದ್ದವಳಿಗೂ ಗೊತ್ತಿಲ್ಲ. ಅಕ್ಕ ಯಾರನ್ನೂ ಕೇಳದೆ ಮುಂದೆ ಹೋಗಿ ದೀಪವಿಟ್ಟಳು.

ಮನೆ ತಲುಪಿದ್ದೇ ಸ್ನಾನದ ಜಗಳ. ಸ್ಮಶಾನಕ್ಕೆ ಹೋಗಿ ಬಂದು ಹಾಗೇ ಒಳಗೆ ಓಡಾಡಬೇಡಿ ಎಂದು ಅಕ್ಕ. ಸೂತಕವನ್ನೇ ಒಪ್ಪದ ವೀರಶೈವರ ಮನೆಯ ಭಾವ ಅಷ್ಟರಲ್ಲಿ ಅಡುಗೆಮನೆಯಲ್ಲಿ ಕಾಫಿಗೆ ನೀರಿಟ್ಟಾಗಿತ್ತು.